ದ್ರಾಕ್ಷಿಯ ತೋಟವೂ ಡಾಕ್ಟರಾಗುವ ಮಗಳೂ

ಆಷಾಢ ಕಳೆದು ಶ್ರಾವಣ ಹಿಡಿಯುವ ಹೊತ್ತಿಗೆ ವಿಜಯಪುರದ ಕಡೆಯ ಮನೆಗಳಲ್ಲಿ ಒಂದು ಹೊಸ ಚಿಂತೆ ಮೊದಲಾಗುತ್ತದೆ. ಹಿಂದೆ ಆ ದಿನಗಳಲ್ಲಿ ಮಳೆಯ ಮಾತೊಂದೇ ನಡೆಯುತ್ತಿತ್ತು. ಈಗ ಅದರ ಜೊತೆಗೆ ನೀಟ್ ಪರೀಕ್ಷೆಯ ರ‍್ಯಾಂಕಿನ ಮಾತೂ ಸೇರಿಕೊಂಡಿದೆ. ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರ ಮಗಳಿಗೆ ಎರಡು ಕಡೆ ಸೀಟು ದೊರೆಯುವ ಸಂಭವವಿದೆ ಎಂದು ಭಾವಿಸೋಣ. ಒಂದು, ಮನೆಯಿಂದ ಬಸ್ಸು ಹಿಡಿದು ಹೋಗಬಹುದಾದ ವಿಜಯಪುರದ ಖಾಸಗಿ ವೈದ್ಯಕೀಯ ಕಾಲೇಜು. ಇನ್ನೊಂದು, ರಾಜ್ಯದ ಆ ತುದಿಯ ಚಾಮರಾಜನಗರದ ಸರಕಾರಿ ಕಾಲೇಜು. ತಾಯಿ ಹತ್ತಿರದ್ದೇ ಇರಲಿ ಎನ್ನುತ್ತಾರೆ. ತಂದೆ ಮಾತನಾಡದೆ ಹೊಲದ ಪಹಣಿ ತೆಗೆದು ನೋಡುತ್ತಾರೆ.

ಇಂಥ ಚಿಂತೆ ಇರುವುದೂ ಒಂದು ಭಾಗ್ಯವೇ. ಏಕೀಕರಣಕ್ಕೆ ಮುಂಚೆ, ಬಿಜಾಪುರ ಮುಂಬಯಿ ಪ್ರಾಂತದಲ್ಲಿದ್ದಾಗ, ಡಾಕ್ಟರಾಗಬಯಸಿದ ಹುಡುಗ 1845ರಷ್ಟು ಹಳೆಯದಾದ ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಕಡೆಗೋ, 1946ರ ಅನಂತರ ಪುಣೆಯ ಕಾಲೇಜಿನ ಕಡೆಗೋ ಮುಖ ಮಾಡಬೇಕಾಗಿತ್ತು. ಹುಬ್ಬಳ್ಳಿಯ ಕಾಲೇಜು ಬಂದದ್ದು 1957ರಲ್ಲಿ. ವಿಜಯಪುರದಲ್ಲಿಯೇ 1984ರಲ್ಲಿ ಅಲ್-ಅಮೀನ್ ಕಾಲೇಜೂ, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜೂ ತೆರೆದವು. ವಚನಗಳನ್ನು ಹುಡುಕಿ ತೆಗೆದ ಹಳಕಟ್ಟಿಯವರು 1910ರಲ್ಲಿ ನೆಟ್ಟ ಗಿಡವೇ ಆ ಸಂಸ್ಥೆ ಎಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಆದರೆ ಎರಡೂ ಖಾಸಗಿಯವೇ. ಪೂರ್ಣ ಸರಕಾರಿ ಕಾಲೇಜೇ ಬೇಕೆಂದು 2025ರಲ್ಲಿ ನಗರದ ಜನ ಧರಣಿ ಕುಳಿತದ್ದರ ಹಿಂದೆ ಎಷ್ಟೋ ತಂದೆಯರ ಪಹಣಿಗಳಿದ್ದವು.

ಒಂದೇ ಊರಿನ ಈ ಎರಡು ಕಾಲೇಜುಗಳಿಗೆ ಬಾಗಿಲು ಒಂದೇ ಅಲ್ಲವೆಂಬುದು ಅನೇಕರಿಗೆ ತಡವಾಗಿ ತಿಳಿಯುತ್ತದೆ. ಬಿ.ಎಲ್.ಡಿ.ಇ. 2008ರಿಂದ ಡೀಮ್ಡ್ ವಿಶ್ವವಿದ್ಯಾಲಯ. ಅದರ ಸೀಟು ಹಂಚುವುದು ದೆಹಲಿಯ ಕೌನ್ಸೆಲಿಂಗ್ ಸಮಿತಿ. ಅಲ್-ಅಮೀನ್ ಕಾಲೇಜಿನ ಹಾಗೂ ರಾಜ್ಯದ ಸರಕಾರಿ ಕಾಲೇಜುಗಳ ಸೀಟಿಗೆ ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರದ ಮುಂದೆ ನಿಲ್ಲಬೇಕು. ಸರಕಾರಿ ಕಾಲೇಜುಗಳ ನೂರಕ್ಕೆ 15 ಸೀಟು ಮಾತ್ರ ಮತ್ತೆ ದೆಹಲಿಯ ಪಾಲು. ಅಂದಮೇಲೆ ಎರಡು ಕಡೆ ಅರ್ಜಿ, ಎರಡು ವೇಳಾಪಟ್ಟಿ. ಎರಡೂ ಸೀಟನ್ನು ಕೊನೆಯವರೆಗೆ ಹಿಡಿದು ಕೂರಲು ಮಾತ್ರ ಬಿಡುವುದಿಲ್ಲ.

ಕಲಬುರಗಿ, ರಾಯಚೂರುಗಳ ಸರಕಾರಿ ಕಾಲೇಜು ಹತ್ತಿರವಲ್ಲವೇ ಎಂದು ಕೇಳಬಹುದು. ಸಂವಿಧಾನದ 371ಜೆ ಕಲಮಿನ ಪ್ರಕಾರ ಅಲ್ಲಿ ನೂರಕ್ಕೆ 70 ಸೀಟು ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೀಸಲು, ಮತ್ತು ವಿಜಯಪುರ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಭೀಮೆಯಾಚೆಯ ಅಫಜಲಪುರದ ಹುಡುಗಿಗೆ ತೆರೆದಿರುವ ಬಾಗಿಲು ಈಚೆಯ ಇಂಡಿಯ ಹುಡುಗಿಗೆ ಅರೆ ಮುಚ್ಚಿದೆ. ಬಿಸಿಲೂ ಬರವೂ ಮಾತ್ರ ಹೊಳೆಯ ಎರಡೂ ದಡಕ್ಕೆ ಸಮಾನ! ಆದರೆ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಳ್ಳಿಯ ಮಕ್ಕಳಿಗೆ ಬೇರೊಂದು ಆಸರೆಯುಂಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ರಾಜ್ಯದ ಪಾಲಿನಲ್ಲಿ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟುಗಳಿವೆ. ಶಾಲೆ ಪಟ್ಟಣ ಪಂಚಾಯತಿಯ ಗಡಿಯೊಳಗಿದ್ದರೆ ಗ್ರಾಮೀಣವೆಂದು ನಡೆಯದು. ಆ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡುವುದು ಲೇಸು. ಆಮೇಲೆ ಕಚೇರಿಯ ಮುಂದಿನ ಸರತಿ ಉದ್ದವಾಗುತ್ತದೆ.

ಇನ್ನು ಆದ್ಯತೆಯ ಪಟ್ಟಿ. ಇಲ್ಲಿಯೇ ಮನೆಗಳು ಎಡವುವುದು. ಮೇಲೆ ಬರೆದದ್ದು ದೊರೆತರೆ ಕೆಳಗೆ ಬರೆದದ್ದು ತಾನಾಗಿ ಬಿದ್ದುಹೋಗುತ್ತದೆ. ತಾಯಿಯ ಸಮಾಧಾನಕ್ಕೆಂದು ಹತ್ತಿರದ ಖಾಸಗಿ ಕಾಲೇಜನ್ನು ಮೊದಲು ಬರೆದು, ಸರಕಾರಿ ಕಾಲೇಜನ್ನು ಹತ್ತನೆಯದಾಗಿ ಬರೆದರೆ, ಸರಕಾರಿ ಸೀಟಿಗೆ ತಕ್ಕ ರ‍್ಯಾಂಕಿದ್ದೂ ಅದು ಕೈಗೆ ಬಾರದು. ಸೀಟು ಹಂಚಿಕೆಯಾದ ಮೇಲೆ ಪ್ರಾಧಿಕಾರವು, ಒಪ್ಪಿ ಸೇರುವಿರಾ, ಶುಲ್ಕ ಕಟ್ಟಿ ಮುಂದಿನ ಸುತ್ತಿಗೆ ಕಾಯುವಿರಾ, ಬಿಟ್ಟು ಕಾಯುವಿರಾ, ಹೊರಗೆ ಹೋಗುವಿರಾ ಎಂದು ಕೇಳುತ್ತದೆ. ಕಟ್ಟಿ ಕಾಯುವವರು ಒಂದನ್ನು ಮರೆಯಬಾರದು: ಮೇಲಿನದು ದೊರೆತ ಕ್ಷಣವೇ ಹಳೆಯದು ಬೇರೊಬ್ಬರ ಪಾಲು. ಮನಸ್ಸಿಲ್ಲದ ಕಾಲೇಜು ಪಟ್ಟಿಯಲ್ಲಿ ಉಳಿದಿದ್ದರೆ ಅದನ್ನು ಆಗಲೇ ಅಳಿಸಬೇಕು. ನಿಯಮಗಳು ವರ್ಷ ವರ್ಷಕ್ಕೆ ತಿದ್ದಲ್ಪಡುವುದರಿಂದ ಕಳೆದ ವರ್ಷದ ಅಣ್ಣನ ಅನುಭವವನ್ನು ನಂಬದೆ ಈ ವರ್ಷದ ಪ್ರಕಟಣೆಯನ್ನೇ ಓದಬೇಕು.

ಹಣದ ಮಾತಿಗೆ ಬರೋಣ. ದ್ರಾಕ್ಷಿಯವರ ಕೈಯಲ್ಲಿ ದುಡ್ಡು ಓಡಾಡುವುದು ಒಣದ್ರಾಕ್ಷಿ ಮಾರಿದ ಬೇಸಿಗೆಯಲ್ಲಿ. ಶುಲ್ಕ ಕಟ್ಟುವ ಹೊತ್ತೋ ಅಕ್ಟೋಬರ್ ಚಾಟನಿಯ ಮುಂಚೆ, ಆಳು, ಗೊಬ್ಬರ, ಔಷಧಿಗಳಿಗೆ ಹಣ ಹೊಂದಿಸುವ ಹೊತ್ತು. ಮೊದಲ ವರ್ಷ ಹೇಗೋ ಸಾಗುತ್ತದೆ. ನಾಲ್ಕೂವರೆ ವರ್ಷದ ಪಾಠ, ಮೇಲೊಂದು ವರ್ಷದ ಇಂಟರ್ನ್‌ಶಿಪ್. ಪ್ರತಿ ವರ್ಷವೂ ಫಸಲು ಒಂದೇ ಸಮನಾಗಿ ಬರುವುದೆಂದು ಯಾವ ರೈತ ಹೇಳಿಯಾನು? ಶುಲ್ಕದ ಜೊತೆಗೆ ಹಾಸ್ಟೆಲು, ಊಟ, ಪುಸ್ತಕಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ಕೂಡಿಸಬೇಕು. ಸಾಲ ತೆಗೆದರೆ ಓದು ಮುಗಿಯುವವರೆಗೆ ಕಂತು ಕೇಳದಿದ್ದರೂ ಬಡ್ಡಿ ಮಲಗಿರುವುದಿಲ್ಲ. ಎಂ.ಬಿ.ಬಿ.ಎಸ್. ಆದಮೇಲೆ ಎಂ.ಡಿ. ಬೇಕೆನ್ನುವುದು ಈಗಿನ ವಾಡಿಕೆ. ಅದಕ್ಕೆ ಮತ್ತೊಂದು ಪರೀಕ್ಷೆ, ಮತ್ತೊಂದು ಶುಲ್ಕ. ಆ ಪರೀಕ್ಷೆಯ ರ‍್ಯಾಂಕು ಕಾಲೇಜಿನ ಹೆಸರು ನೋಡಿ ಬರುವುದಿಲ್ಲ. ಈಗಲೇ ತೋಟ ಮಾರಿದವರು ಆಗ ಏನನ್ನು ಮಾರುವರು?

ಕಾಲೇಜು ನೋಡಲು ಹೋದವರು ಕಟ್ಟಡ ನೋಡಿ ಬರುತ್ತಾರೆ. ನಾನಾದರೆ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಹೊರರೋಗಿಗಳ ಸಾಲಿನ ಬಳಿ ನಿಂತು ನೋಡುವೆ, ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು, “ಎಷ್ಟು ಹೆರಿಗೆ ಕಂಡೆ, ತಾಯಿ?” ಎಂದು ಕೇಳುವೆ. ರೋಗಿಗಳಿಲ್ಲದ ಕಡೆ ಅಮೃತಶಿಲೆಯ ನೆಲ ಏನನ್ನೂ ಕಲಿಸದು. ಈ ಪರೀಕ್ಷೆಯಲ್ಲಿ ಖಾಸಗಿ ಕಾಲೇಜು ಗೆಲ್ಲಲೂಬಹುದು. ಹಣದ ಅನುಕೂಲವುಳ್ಳವರು ಆಗ ಊರಿನದನ್ನೇ ಆರಿಸಲಿ, ಅದರಲ್ಲಿ ತಪ್ಪೇನಿಲ್ಲ.

ಆದರೆ ಹೊಲ ಒತ್ತೆಯಿಡಬೇಕಾದ ಮನೆಗೆ ನನ್ನ ಸಲಹೆ ಚಾಮರಾಜನಗರವೇ. ಹೆಣ್ಣುಮಗಳು ಅಷ್ಟು ದೂರವೇ ಎಂಬ ಆಕ್ಷೇಪಣೆಯನ್ನು ಬಲ್ಲೆ. ಮಗನಿಗೆ ಅದೇ ಸೀಟು ಬಂದಿದ್ದರೆ ಈ ಹೊತ್ತಿಗೆ ಟ್ರಂಕು ಕಟ್ಟಿಯಾಗಿರುತ್ತಿತ್ತು. “ಹೊಟ್ಟಿ ಕಡೀಲಾಕತ್ತೈತಿ” ಎಂಬ ಮಾತು ಕೇಳಿ ಬೆಳೆದವಳು ಅಲ್ಲಿಯ “ಹೊಟ್ಟೆ ನೋಯ್ತದ” ಎಂಬುದನ್ನು ವಾರದಲ್ಲಿ ಕಲಿತಾಳು. ವಿಜಯಪುರದಲ್ಲಿ ಹತ್ತಿದರೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸು ಮೈಸೂರಿಗೆ ಒಯ್ದು ಬಿಡುತ್ತದೆ. ಅಲ್ಲಿಂದ ಚಾಮರಾಜನಗರಕ್ಕೆ ರೈಲೂ ಬಸ್ಸೂ ಉಂಟು. ಮೊದಲ ಸಲ ತಾಯಿಯೂ ಜೊತೆಗೆ ಹೋಗಿ, ಹಾಸ್ಟೆಲಿನ ಕೋಣೆಯನ್ನು ಕಣ್ಣಾರೆ ಕಂಡು, ರೊಟ್ಟಿ ಚಟ್ನಿಪುಡಿಯ ಡಬ್ಬಿಯನ್ನು ಅಲ್ಲಿಟ್ಟು ಬರಲಿ.