ಪಹಣಿ ಓದಲು ಬಾರದವನಿಗೆ ನೆಲವೆಲ್ಲಿಯದು?

ಬೆಂಗಳೂರಿನ ಕನ್ನಡ ತರುಣರೇ, ನವೆಂಬರ್ ಬಂದರೆ ಬಾವುಟ ಹಿಡಿದು ಬೀದಿಗಿಳಿಯುವ ನಿಮಗೆ ಒಂದು ನೇರ ಪ್ರಶ್ನೆ. ನಿಮ್ಮ ಅಪ್ಪನ ಹೆಸರಿನ ಪಹಣಿ ಓದಲು ನಿಮಗೆ ಬರುತ್ತದೆಯೇ? ಅಕ್ಷರ ಓದುವ ಮಾತಲ್ಲ, ಅರ್ಥ ಓದುವ ಮಾತು!

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಯಾವುದೇ ಊರಿನಲ್ಲಿ ಹಳೆಯ ಕಾಗದದ ಕಟ್ಟು ಬಿಚ್ಚಿ ನೋಡಿ. ಪೈಕಿ, ಪೋಡಿ, ಖರಾಬು, ಬಗರ್ ಹುಕುಂ... ಕಾನ್ವೆಂಟಿನಲ್ಲಿ ಕಲಿತ ಮೊಮ್ಮಗ ತಬ್ಬಿಬ್ಬು! ಆದರೆ ಕಾರಿನಲ್ಲಿ ಬಂದಿಳಿಯುವ ಭೂದಲ್ಲಾಳಿಗೆ ಒಂದೊಂದು ಮಾತೂ ಬಾಯಿಪಾಠ!

ತಿಳಿದುಕೊಳ್ಳಿ. 'ಪೈಕಿ' ಎಂದರೆ ಒಂದು ಸರ್ವೆ ನಂಬರಿನೊಳಗಿನ ಪಾಲು. ಅಳತೆಯಾಗಿ 'ಪೋಡಿ' ಆಗುವವರೆಗೆ ಆ ಪಾಲಿಗೆ ನಕ್ಷೆಯಲ್ಲಿ ಪ್ರತ್ಯೇಕ ಗಡಿಯಿಲ್ಲ. 'ಅ ಖರಾಬು' ಸಾಗುವಳಿಗೆ ಬಾರದ ನೆಲ. 'ಬ ಖರಾಬು' ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ನೆಲ. ಒಂದಕ್ಷರ ತಪ್ಪಿ ಓದಿದರೆ ಊರದಾರಿಯನ್ನೇ ಸೈಟೆಂದು ಕೊಳ್ಳುತ್ತೀರಿ! 'ಬಗರ್ ಹುಕುಂ' ಎಂದರೆ ಹುಕುಂ ಇಲ್ಲದೆ ಸರ್ಕಾರಿ ಜಮೀನು ಉಳುವುದು. ಉತ್ತ ಮಾತ್ರಕ್ಕೆ ಹಕ್ಕು ಬಾರದು. ಮಂಜೂರಾಗಿ ಸಾಗುವಳಿ ಚೀಟಿ ಕೈಸೇರಬೇಕು. ಪರಿಶಿಷ್ಟರಿಗೆ ಹಾಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂದು 1978ರ ಕಾಯ್ದೆ ಹೇಳುತ್ತದೆ. ಇದನ್ನು ಆ ಬಡವನಿಗೆ ಹೇಳಿದವರೆಷ್ಟು ಮಂದಿ?

'ಪಾರಸಿ ಪದಗಳನ್ನೆಲ್ಲ ಕಿತ್ತೆಸೆಯಿರಿ' ಎನ್ನುವ ಪಂಡಿತರಿದ್ದಾರೆ. ಬದಲಿಗೆ ತಂದದ್ದೇನು? 'ಅಧಿಭೋಗದಾರ'! ಯಾರ ಮನೆಯ ಕನ್ನಡ ಸ್ವಾಮಿ ಇದು? ವಕೀಲ, ಜಾಮೀನು, ತಕರಾರು, ಮಹಜರು ಹೊರಗಿನಿಂದ ಬಂದರೂ ಹಳ್ಳಿಯ ನಾಲಿಗೆಯಲ್ಲಿ ಹೊರಳಿ ಕನ್ನಡವಾದವು. ನಮ್ಮದೇ ಮಾತಿಗೂ ಬರವಿರಲಿಲ್ಲ. ಕೆರೆ ಕಟ್ಟಿ ಕಾಪಾಡಿದವನಿಗೆ ಬಿಟ್ಟ ಭೂಮಿಯನ್ನು ಶಾಸನಗಳು 'ಕಟ್ಟುಕೊಡಗೆ' ಎಂದವು. ಮಾತು ಎಲ್ಲಿಂದ ಬಂತೆಂಬುದಲ್ಲ ಪ್ರಶ್ನೆ; ಜನರಿಗೆ ತಿಳಿಯುತ್ತದೆಯೇ ಎಂಬುದು ಪ್ರಶ್ನೆ!

'ಭೋಗ್ಯ' ಎಂದರೆ ನಿಮ್ಮ ಅಜ್ಜಿಗೆ ಗೊತ್ತಿತ್ತು: ಸಾಲ ತೀರುವವರೆಗೆ ನೆಲ ಅವರ ವಶ, ತೀರಿದ ಮೇಲೆ ನಮಗೆ ವಾಪಸ್ಸು. 'ಕ್ರಯ' ಎಂದರೆ ಕೈಬಿಟ್ಟಂತೆಯೇ. ಇಂದು ಅದೇ ಅಜ್ಜಿಯ ಹೆಬ್ಬೆಟ್ಟನ್ನು 'ಜಿ.ಪಿ.ಎ.' ಎಂಬ ಇಂಗ್ಲಿಷ್ ಕಾಗದಕ್ಕೆ ಒತ್ತಿಸಲಾಗುತ್ತಿದೆ. ತನ್ನ ಪರವಾಗಿ ಮಾರುವ ಅಧಿಕಾರವನ್ನೇ ಬರೆದುಕೊಟ್ಟೆನೆಂದು ಆ ತಾಯಿಗೆ ತಿಳಿಯುವುದು ಹೇಗೆ? ಬರೀ ಜಿ.ಪಿ.ಎ.ಯಿಂದ ಒಡೆತನ ಬದಲಾಗದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಹೇಳಿದ್ದೂ ಇಂಗ್ಲಿಷಿನಲ್ಲಿ!

1963ರಲ್ಲೇ ರಾಜಭಾಷಾ ಕಾಯ್ದೆ ಬಂತು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಲ್ಲಿ ಸಂವಿಧಾನದ 348ನೇ ವಿಧಿಯಡಿ ಹಿಂದಿಗೆ ಅನುಮತಿಯಿದೆ. ಹಿಂದಿಗೆ ಸಿಕ್ಕಿದ್ದು ಕನ್ನಡಕ್ಕೇಕಿಲ್ಲ?

ನಮ್ಮ ಹಕ್ಕೊತ್ತಾಯ ಮೂರು. ಪಹಣಿಯ ಬೆನ್ನಿಗೆ ಈ ಪದಗಳ ಅರ್ಥವನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ. ಸಹಿ ಹಾಕುವವರಿಗೆ ಕನ್ನಡದಲ್ಲಿ ಓದಿ ಹೇಳದೆ ಯಾವ ಪತ್ರವನ್ನೂ ನೋಂದಾಯಿಸಬೇಡಿ. ಹೈಕೋರ್ಟಿನ ಕಲಾಪಕ್ಕೆ, ತೀರ್ಪಿಗೆ ಕನ್ನಡದ ಅನುಮತಿ ತನ್ನಿ.

ತರುಣರೇ, ಸರ್ಕಾರಕ್ಕಾಗಿ ಕಾಯಬೇಡಿ. ಈ ಭಾನುವಾರವೇ ಊರಿಗೆ ಹೋಗಿ, ಹಿರಿಯರ ಪಕ್ಕ ಕೂತು ಒಂದೊಂದು ಮಾತಿನ ಅರ್ಥ ಕೇಳಿ ಬರೆದುಕೊಳ್ಳಿ. ಒಂದು ಕೈಯಲ್ಲಿ ಬಾವುಟವಿರಲಿ, ಇನ್ನೊಂದರಲ್ಲಿ ಪಹಣಿಯಿರಲಿ!