ಹಳೆಯ ವಾರ್ತಾಚಿತ್ರಗಳ ಗತಿ

ನಿನ್ನೆಯ ಪತ್ರಿಕೆಯು ಇಂದು ಅಂಗಡಿಯ ಪೊಟ್ಟಣವಾಗುತ್ತದೆ; ಅದಕ್ಕಾಗಿ ಯಾರೂ ವ್ಯಥೆಪಡಬೇಕಾಗಿಲ್ಲ. ಆದರೆ ಆ ಪತ್ರಿಕೆಗಾಗಿ ತೆಗೆದ ಛಾಯಾಚಿತ್ರದ ಮೂಲಪ್ರತಿಯೂ ರದ್ದಿಯವನ ತಕ್ಕಡಿಯನ್ನೇರುವುದನ್ನು ನಾವು ಸುಮ್ಮನೆ ನೋಡುತ್ತ ಬಂದಿರುವುದು ಶೋಚನೀಯವಾದ ಸಂಗತಿ.

ದೆಹಲಿಯ ಕುಲವಂತ ರಾಯ್ ಅವರ ವೃತ್ತಾಂತವನ್ನು ವಾಚಕರು ಗಮನಿಸಬೇಕು. 1914 ರಲ್ಲಿ ಜನಿಸಿದ ಈ ಛಾಯಾಗ್ರಾಹಕರು ಗಾಂಧೀಜಿಯವರ ಮೂರನೆಯ ದರ್ಜೆಯ ರೈಲು ಪ್ರಯಾಣವನ್ನೂ, ಅವರು ಜಿನ್ನಾ ಅವರೊಡನೆ ವಾದದಲ್ಲಿ ತೊಡಗಿದ ಗಳಿಗೆಯನ್ನೂ ಚಿತ್ರಿಸಿದವರು. 1958 ರಲ್ಲಿ ಲೋಕಸಂಚಾರಕ್ಕೆ ಹೊರಟು, ತೆಗೆದ ನೆಗೆಟಿವ್‌ಗಳನ್ನು ಅಂಚೆಯ ಮೂಲಕ ಊರಿಗೆ ಕಳುಹಿಸುತ್ತಿದ್ದರು. ಹಿಂದಿರುಗಿ ನೋಡಿದರೆ ಅವು ಇಲ್ಲ! 1984 ರಲ್ಲಿ ಅವರು ತೀರಿಕೊಂಡ ಮೇಲೆ, ಉಳಿದಿದ್ದ ಪೆಟ್ಟಿಗೆಗಳು ಛಾಯಾಗ್ರಾಹಕ ಆದಿತ್ಯ ಆರ್ಯ ಅವರ ವಶಕ್ಕೆ ಬಂದು, ಎರಡು ದಶಕಗಳಿಗೂ ಮೀರಿ ಮುಚ್ಚಿಯೇ ಇದ್ದವು. ರಾಷ್ಟ್ರದ ಚರಿತ್ರೆಯು ಒಂದು ಮನೆಯ ಪೆಟ್ಟಿಗೆಯಲ್ಲಿ ಉಳಿದುಕೊಂಡಿತೆಂಬುದು ನಮ್ಮ ಪುಣ್ಯವೇ ಹೊರತು ನಮ್ಮ ಜಾಗರೂಕತೆಯ ಫಲವಲ್ಲ. ಹೋಮಾಯಿ ವ್ಯಾರಾವಾಲಾ ಅವರು ತಮ್ಮ ಸಂಗ್ರಹವನ್ನು 2010 ರಲ್ಲಿ ಆಲ್ಕಾಜಿ ಪ್ರತಿಷ್ಠಾನಕ್ಕೆ ಒಪ್ಪಿಸಿದುದರಿಂದ ಅದಕ್ಕೆ ಮೇಲಾದ ಗತಿ ದೊರೆಯಿತು.

ಇಂತಹ ಚಿತ್ರದ ಬೆಲೆಯೆಲ್ಲವೂ ಅದರ ಮುಖದಲ್ಲಿಯೇ ಇದೆಯೆಂದು ತಿಳಿಯುವುದು ತಪ್ಪು. ನೆಹರೂ ಅವರು ಕೆಂಪುಕೋಟೆಯ ಮೇಲೆ ಮೊದಲು ಧ್ವಜವನ್ನೇರಿಸಿದುದು 1947 ರ ಆಗಸ್ಟ್ 16 ರಂದು. 15 ರಂದು ಧ್ವಜಾರೋಹಣ ನಡೆದುದು ಇಂಡಿಯಾ ಗೇಟ್ ಬಳಿಯ ಪ್ರಿನ್ಸೆಸ್ ಪಾರ್ಕಿನಲ್ಲಿ. ಆದರೂ ಕೋಟೆಯ ಚಿತ್ರದ ಕೆಳಗೆ 15 ಎಂದು ಅಚ್ಚಾಗುವುದನ್ನು ನಾವು ಎಷ್ಟು ಸಲ ಕಂಡಿಲ್ಲ! ಚಿತ್ರವು ಸುಳ್ಳಾಡದೆಂದು ಹೇಳುವವರುಂಟು. ಅದರ ಕೆಳಗಿನ ಬರೆಹ ಮಾತ್ರ ಧಾರಾಳವಾಗಿ ಆಡುತ್ತದೆ. ಇದನ್ನು ತಿದ್ದುವ ಸಾಕ್ಷ್ಯವೆಲ್ಲ ಚಿತ್ರದ ಬೆನ್ನಿನ ಮೇಲೆ ಇರುತ್ತದೆ: ತಾರೀಖಿನ ಮುದ್ರೆ, ವಾರ್ತಾಸಂಸ್ಥೆಯ ಮೊಹರು, ಅಂಟಿಸಿದ ವಿವರದ ಚೀಟಿ, ಸಂಪಾದಕನ ಪೆನ್ಸಿಲಿನ ಗುರುತು. ಚೆಂದಕ್ಕಾಗಿ ಚಿತ್ರವನ್ನು ರಟ್ಟಿಗೆ ಅಂಟಿಸಿ ಚೌಕಟ್ಟು ಹಾಕಿಸುವ ಸಂಗ್ರಾಹಕ ಮಹಾಶಯರು ಅರ್ಧ ಚರಿತ್ರೆಯನ್ನು ಗೋಂದಿನಲ್ಲಿ ಮುಳುಗಿಸುತ್ತಾರೆ. ಅಲ್ಲದೆ, ಪತ್ರಿಕೆಯ ಅವಸರದಲ್ಲಿ ಹೈಪೊ ಸರಿಯಾಗಿ ತೊಳೆಯದೆ ಮುದ್ರಿಸಿದ ಪ್ರತಿಗಳು ತಾವಾಗಿಯೇ ಹಳದಿಯಾಗಿ ಮಾಸುತ್ತವೆ. ಬಿಸಿಲು, ತೇವಗಳು ಆ ಕೆಲಸವನ್ನು ಬೇಗ ಮುಗಿಸುತ್ತವೆ.

ಖಾಸಗಿ ಸಂಗ್ರಾಹಕರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಸಂಸ್ಥೆಗಳು ಮಲಗಿದ್ದಾಗ ಎಚ್ಚರವಾಗಿದ್ದವರು ಅವರೇ. ಆದರೆ ಒಂದೇ ಘಟನೆಯ ಹತ್ತು ಚಿತ್ರಗಳನ್ನು ಹತ್ತು ಮಂದಿಗೆ ಬಿಡಿಬಿಡಿಯಾಗಿ ಮಾರುವ ವ್ಯಾಪಾರವನ್ನು ನಾವು ಒಪ್ಪಲಾರೆವು.

ಟಿ. ಎಸ್. ಸತ್ಯನ್ ಅವರಂತಹ ಛಾಯಾಗ್ರಾಹಕರನ್ನು ಕೊಟ್ಟ ನಾಡು ನಮ್ಮದು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ 1924 ರ ಬೆಳಗಾವಿಯ ಕಾಂಗ್ರೆಸ್ಸು, 1938 ರ ವಿದುರಾಶ್ವತ್ಥದ ಗೋಲಿಬಾರು ನಡೆದ ನಾಡೂ ಇದೇ. ಇಂತಹ ನಾಡಿನ ಪತ್ರಿಕಾ ಕಛೇರಿಗಳ, ಊರಿನ ಸ್ಟುಡಿಯೋಗಳ ಬೀರುಗಳಲ್ಲಿ ಇರುವುದೇನೆಂಬುದರ ಪಟ್ಟಿಯನ್ನಾದರೂ ರಾಜ್ಯ ಪತ್ರಾಗಾರದವರು ತಯಾರಿಸಲಿ. ಪತ್ರಿಕೆಗಳ ಒಡೆಯರು ಕಟ್ಟಡ ಬದಲಿಸುವಾಗ ಹಳೆಯ ಚಿತ್ರಗಳನ್ನು ಹೊರಹಾಕುವ ಮೊದಲು ಪತ್ರಾಗಾರಕ್ಕೆ ಒಂದು ಕಾಗದ ಬರೆಯಲಿ. ಚಿತ್ರದಲ್ಲಿರುವವರ ಹೆಸರುಗಳನ್ನು ಗುರುತಿಸಿ ಬರೆಯಿಸುವ ಕಾರ್ಯವು ಮಾತ್ರ ಒಂದು ದಿನವೂ ತಡೆಯುವಂತಹದಲ್ಲ. 1947 ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ತೊಂಬತ್ತೈದನ್ನು ದಾಟಿದ್ದಾರೆ.