ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ?

ಸೋತ ತಂಡದ ತರಬೇತುದಾರನನ್ನು ದೂಷಿಸುವುದಕ್ಕಿಂತ ಸುಲಭವಾದ ಕೆಲಸ ಕ್ರೀಡಾರಂಗದಲ್ಲಿ ಮತ್ತೊಂದು ಇರಲಾರದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಯಾವುದೇ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಸತತವಾಗಿ ಮೂರು ಪಂದ್ಯಗಳನ್ನು ಸೋಲಲಿ. "ಕೋಚ್ ಸರಿಯಿಲ್ಲ, ಬದಲಾಯಿಸಬೇಕು" ಎಂಬ ತೀರ್ಪು ಮೈದಾನದಿಂದ ಹೊರಟು ಸಂಜೆಯೊಳಗೆ ನಮ್ಮ ಮನೆಗಳ ಊಟದ ಸಾಲಿಗೆ ಬಂದು ತಲುಪುತ್ತದೆ. ತಂದೆ ನುಡಿದುದನ್ನು ಮಗ ಕೇಳಿಸಿಕೊಳ್ಳುತ್ತಾನೆ. ಮರುದಿನ ಅದೇ ತರಬೇತುದಾರನ ಮುಂದೆ ಅಭ್ಯಾಸಕ್ಕೆ ನಿಲ್ಲುವ ಹುಡುಗನೂ ಅವನೇ. ಆದ್ದರಿಂದ ಈ ಪ್ರಶ್ನೆ ಕೇವಲ ಆಟದ್ದೆಂದು ನಾವು ತಳ್ಳಿಹಾಕುವಂತಿಲ್ಲ. ಒಬ್ಬ ವ್ಯಕ್ತಿಯ ಹೆಸರು ಮತ್ತು ಜೀವನೋಪಾಯ ಒಂದು ಕಡೆ, ಸೋಲನ್ನು ಹೇಗೆ ಎದುರಿಸಬೇಕೆಂದು ನಮ್ಮ ಮಕ್ಕಳು ಕಲಿಯುವ ಪಾಠ ಇನ್ನೊಂದು ಕಡೆ ಇದರಲ್ಲಿ ಅಡಕವಾಗಿವೆ.

ಈ ಆಟದ ಚರಿತ್ರೆಯೇ ನಮಗೆ ಮೊದಲ ಪಾಠವನ್ನು ಹೇಳುತ್ತದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದವರು ಜೇಮ್ಸ್ ನೈಸ್ಮಿತ್. ದೈವಶಾಸ್ತ್ರವನ್ನು ಓದಿ, ಅನಂತರ ದೈಹಿಕ ಶಿಕ್ಷಣಕ್ಕೆ ಬಂದವರು ಅವರು. 1898ರಿಂದ 1907ರವರೆಗೆ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ತಂಡಕ್ಕೆ ಅವರೇ ತರಬೇತುದಾರರಾಗಿದ್ದರು. ಆ ಅವಧಿಯಲ್ಲಿ ತಂಡ 55 ಪಂದ್ಯಗಳನ್ನು ಗೆದ್ದು 60 ಪಂದ್ಯಗಳನ್ನು ಸೋತಿತು. ಆ ವಿಶ್ವವಿದ್ಯಾನಿಲಯದ ದೀರ್ಘ ಇತಿಹಾಸದಲ್ಲಿ ಗೆಲುವಿಗಿಂತ ಹೆಚ್ಚು ಸೋಲನ್ನು ಕಂಡ ಏಕೈಕ ತರಬೇತುದಾರರೆಂದರೆ ಆಟವನ್ನು ಸೃಷ್ಟಿಸಿದ ಆ ಮಹನೀಯರೇ! ಅವರಿಗೆ ಆಟ ತಿಳಿದಿರಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ನಮ್ಮ ರಾಜಧಾನಿಯಲ್ಲೇ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುತ್ತದೆ. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಮಹಿಳಾ ಬ್ಯಾಸ್ಕೆಟ್‌ಬಾಲ್ ಕಪ್‌ನ 'ಬಿ' ವಿಭಾಗದ ಪಂದ್ಯಾವಳಿ ನಡೆಯಿತು. ಅಂತಿಮ ಪಂದ್ಯದಲ್ಲಿ ಭಾರತದ ತಂಡ ಕಜಕಸ್ತಾನವನ್ನು 75-73 ಅಂಕಗಳಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿತು. ತರಬೇತುದಾರರು ಸರ್ಬಿಯಾ ದೇಶದ ಜೊರಾನ್ ವಿಸಿಚ್. ಎರಡು ವರ್ಷಗಳ ನಂತರ, 2019ರ ಸೆಪ್ಟೆಂಬರ್‌ನಲ್ಲಿ, ಅದೇ ಕ್ರೀಡಾಂಗಣದಲ್ಲಿ, ಅದೇ ತರಬೇತುದಾರರ ಕೈಕೆಳಗೆ ಭಾರತ 'ಎ' ವಿಭಾಗದಲ್ಲಿ ಆಡಿತು. ಒಂದು ಪಂದ್ಯವನ್ನೂ ಗೆಲ್ಲಲಾಗದೆ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಎರಡು ವರ್ಷಗಳಲ್ಲಿ ಆ ಮನುಷ್ಯ ತನ್ನ ವಿದ್ಯೆಯನ್ನು ಮರೆತರೇ? ಬದಲಾದುದು ಎದುರಾಳಿ. ಈ ಬಾರಿ ಎದುರಿಗೆ ನಿಂತವರಲ್ಲಿ ಆ ಪಂದ್ಯಾವಳಿಯನ್ನೇ ಗೆದ್ದ ಜಪಾನ್ ಇತ್ತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯ ಪದಕ ಪಡೆದುದೂ ಆ ದೇಶವೇ. ಗೆದ್ದಾಗ ತರಬೇತುದಾರನನ್ನು ಹೆಗಲ ಮೇಲೆ ಹೊರುವುದು, ಸೋತಾಗ ಕೆಳಕ್ಕೆ ಎಸೆಯುವುದು, ಎರಡೂ ಗೆದ್ದೆತ್ತಿನ ಬಾಲ ಹಿಡಿಯುವ ಬುದ್ಧಿಯೇ.

ನಮ್ಮವರೇ ಆದ ರಾಹುಲ್ ದ್ರಾವಿಡ್ ಅವರ ವಿಷಯದಲ್ಲೂ ಇದನ್ನು ಕಂಡೆವು. ಅವರು ತರಬೇತುದಾರರಾಗಿದ್ದ ಭಾರತ ಕ್ರಿಕೆಟ್ ತಂಡ 2023ರ ವಿಶ್ವಕಪ್‌ನಲ್ಲಿ ಹತ್ತು ಪಂದ್ಯಗಳನ್ನು ಒಂದರ ಮೇಲೊಂದು ಗೆದ್ದು, ನವೆಂಬರ್ 19ರ ಅಂತಿಮ ಪಂದ್ಯದಲ್ಲಿ ಎಡವಿತು. 2024ರ ಜೂನ್ 29ರಂದು, ಅವರ ಅವಧಿಯ ಕೊನೆಯ ಪಂದ್ಯದಲ್ಲಿ, ಕೇವಲ 7 ರನ್‌ಗಳ ಅಂತರದಿಂದ ಟಿ-20 ವಿಶ್ವಕಪ್ ಭಾರತದ್ದಾಯಿತು. ಆ ಏಳು ರನ್ ಅತ್ತ ಸರಿದಿದ್ದರೆ ದ್ರಾವಿಡರ ಪರಿಶ್ರಮದಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಜನರ ತೀರ್ಪು ಮಾತ್ರ ತಲೆಕೆಳಗಾಗುತ್ತಿತ್ತು.

ಇಲ್ಲಿ ಮೂರು ಮಾತುಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ: ಕಾರಣ, ಹೊಣೆ, ದೋಷ. ನಾವು ಸಾಮಾನ್ಯವಾಗಿ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಸಲ್ಲುವುದು ಮನುಷ್ಯನು ಅರಿತು, ಇಚ್ಛಿಸಿ ಮಾಡಿದ ಕ್ರಿಯೆಗೆ ಮಾತ್ರವೆಂದು ವಿವರಿಸುತ್ತಾನೆ. ಬಲವಂತಕ್ಕೆ ಒಳಗಾಗಿ ಮಾಡಿದುದಕ್ಕೂ, ತಿಳಿಯಲು ಸಾಧ್ಯವೇ ಇಲ್ಲದೆ ಮಾಡಿದುದಕ್ಕೂ ತೆಗಳಿಕೆ ಸಲ್ಲದು. ಆದರೆ ತನ್ನ ಉದಾಸೀನದಿಂದಲೇ ಅಜ್ಞಾನಿಯಾಗಿ ಉಳಿದವನಿಗೆ ವಿನಾಯಿತಿ ಇಲ್ಲವೆಂದೂ ಅವನು ಎಚ್ಚರಿಸುತ್ತಾನೆ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ವಿಚಾರವನ್ನೇ ಮುಂದುವರಿಸಿದರು.

ಈ ತತ್ತ್ವ ನಮ್ಮ ಜಿಲ್ಲೆಯ ಆಲೂಗಡ್ಡೆ ಬೆಳೆಗಾರನಿಗೆ ಗ್ರಂಥ ಓದದೆಯೇ ತಿಳಿದಿದೆ. ಹೊಲಕ್ಕೆ ಅಂಗಮಾರಿ ರೋಗ ಬಿದ್ದಾಗ ಕಾರಣಗಳು ಹಲವು. ಬಿತ್ತನೆ ಗೆಡ್ಡೆ ದೂರದ ಪಂಜಾಬಿನಿಂದ ಬಂದದ್ದು, ಮೋಡ ಮತ್ತು ಜಡಿಮಳೆ ಆಕಾಶದಿಂದ ಬಂದದ್ದು. ಔಷಧಿಯನ್ನು ಸಕಾಲದಲ್ಲಿ ಸಿಂಪಡಿಸುವುದು ಮಾತ್ರ ರೈತನ ಕೈಯಲ್ಲಿದ್ದದ್ದು. ಹೊಲದ ಹೊಣೆ ಅವನದೇ. ಯಾರೂ ಬಂದು ಆ ನಷ್ಟವನ್ನು ಹೊರುವುದಿಲ್ಲ. ಆದರೆ ದೋಷ ಅವನದಾಗುವುದು ತನ್ನ ಕೈಯಲ್ಲಿದ್ದ ಕೆಲಸವನ್ನು ಮಾಡದೆ ಬಿಟ್ಟಾಗ ಮಾತ್ರ. ತರಬೇತುದಾರನ ಮಾತೂ ಹೀಗೆಯೇ. ತಂಡದ ಹೊಣೆ ಸದಾ ಅವನದು. ಸೋಲಿಗೆ ಅವನು ಒಮ್ಮೊಮ್ಮೆ ಕಾರಣನೂ ಆಗಿರಬಹುದು. ದೋಷಿಯಾಗುವುದು ಮಾತ್ರ ಅಪರೂಪ. ಅದನ್ನು ಅಂಕಪಟ್ಟಿ ನೋಡಿ ಹೇಳಲಾಗದು.

ಹಾಗಾದರೆ ನಮ್ಮ ಕಾಲೇಜಿನ ತರಬೇತುದಾರನ ಕೈಯಲ್ಲಿ ಇರುವುದಾದರೂ ಎಷ್ಟು? ನಮ್ಮ ಬಹುಪಾಲು ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರೇ ಕಬಡ್ಡಿ, ಖೋ-ಖೋ, ವಾಲಿಬಾಲ್, ಓಟ, ಬ್ಯಾಸ್ಕೆಟ್‌ಬಾಲ್ ಎಲ್ಲಕ್ಕೂ ಗುರುಗಳು. ಆಟಗಾರರನ್ನು ಅವರು ಆರಿಸಿ ತರುವಂತಿಲ್ಲ; ಪ್ರವೇಶ ಪಡೆದು ಬಂದವರಲ್ಲೇ ಹನ್ನೆರಡು ಮಂದಿಯನ್ನು ಹುಡುಕಬೇಕು. ಅವರಲ್ಲಿ ಅನೇಕರು ಕಾಲೇಜಿಗೆ ಬಂದ ಮೇಲೆಯೇ ಮೊದಲ ಬಾರಿಗೆ ಆ ಚೆಂಡನ್ನು ಮುಟ್ಟಿದವರು. ಚೆಂಡನ್ನು ನೆಲಕ್ಕೆ ಪುಟಿಸುತ್ತಾ ತಲೆಯೆತ್ತಿ ಓಡುವ ಅಭ್ಯಾಸ ಹತ್ತು-ಹನ್ನೆರಡರ ವಯಸ್ಸಿನಲ್ಲಿ ಕೈಗೆ ಹತ್ತಬೇಕು. ಹದಿನೆಂಟರಲ್ಲಿ ಕಲಿಯಹೊರಟವನು ಎಂದೂ ಒಂದು ಹೆಜ್ಜೆ ಹಿಂದೆಯೇ. ಸಂಜೆ ಅಭ್ಯಾಸಕ್ಕೆ ನಿಂತರೆ ಹಳ್ಳಿಯ ಕೊನೆಯ ಬಸ್ಸು ತಪ್ಪುತ್ತದೆ. ಹೆಣ್ಣುಮಕ್ಕಳಾದರೆ ಕತ್ತಲಾಗುವ ಮುನ್ನ ಮನೆ ಸೇರಬೇಕೆಂಬುದು ನಮ್ಮದೇ ಆಜ್ಞೆ. ಪರೀಕ್ಷೆ ಸಮೀಪಿಸಿತೆಂದರೆ ಆಟವನ್ನು ಮೊದಲು ನಿಲ್ಲಿಸುವವರೂ ನಾವೇ. ಮೂರು ವರ್ಷ ಕಷ್ಟಪಟ್ಟು ತಿದ್ದಿದ ಆಟಗಾರ ಪದವಿ ಪಡೆದು ಹೊರಟುಹೋಗುತ್ತಾನೆ; ಗುರುಗಳು ಮತ್ತೆ ಮೊದಲಿನಿಂದ ಆರಂಭಿಸಬೇಕು. ಪಂದ್ಯ ನಡೆಯುವಾಗಲಂತೂ ಅವರ ಕೈಯಲ್ಲಿ ಉಳಿಯುವುದು ಬದಲಿ ಆಟಗಾರನನ್ನು ಕಳುಹಿಸುವುದು ಮತ್ತು ಮೊದಲಾರ್ಧದಲ್ಲಿ ಎರಡು, ದ್ವಿತೀಯಾರ್ಧದಲ್ಲಿ ಮೂರು ಸಲ ನಿಮಿಷದ ವಿರಾಮ ಕೇಳುವುದು. ಉಳಿದ ಸಮಯವೆಲ್ಲ ಮಕ್ಕಳದು.

"ಆದರೂ ಬದಲಾಯಿಸಿದರೆ ಒಳ್ಳೆಯದಾಗುತ್ತದಲ್ಲ?" ಎಂದು ಕೇಳುವವರುಂಟು. ನೆದರ್ಲೆಂಡ್ಸಿನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಆ ದೇಶದ ಫುಟ್‌ಬಾಲ್ ತಂಡಗಳ 1986ರಿಂದ 2004ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ತರಬೇತುದಾರನನ್ನು ತೆಗೆದುಹಾಕಿದ ತಂಡಗಳು ಆಮೇಲೆ ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕುಸಿದಿದ್ದರೂ ತರಬೇತುದಾರನನ್ನು ಉಳಿಸಿಕೊಂಡ ತಂಡಗಳೂ ಅದೇ ಪ್ರಮಾಣದಲ್ಲಿ ಚೇತರಿಸಿಕೊಂಡಿದ್ದವು. ತಾನಾಗಿ ಇಳಿಯುವ ಜ್ವರದ ಕೀರ್ತಿ ತಾಯಿತಕ್ಕೆ ಸಂದಂತೆ ಇದು.

ತಾಳ್ಮೆಗೆ ಫಲವುಂಟೆಂಬುದಕ್ಕೂ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲೇ ಸಾಕ್ಷಿ ಇದೆ. ಪೋಲೆಂಡ್ ಮೂಲದ ಕಥೋಲಿಕ ಕುಟುಂಬದಿಂದ ಬಂದ ಮೈಕ್ ಶಶೆಫ್‌ಸ್ಕಿ 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ತರಬೇತುದಾರರಾದರು. ಮೊದಲ ಮೂರು ಋತುಗಳಲ್ಲಿ ತಂಡ 38 ಪಂದ್ಯ ಗೆದ್ದು 47 ಪಂದ್ಯ ಸೋತಾಗ ಹಳೆಯ ವಿದ್ಯಾರ್ಥಿಗಳು ಅವರನ್ನು ತೆಗೆಯಬೇಕೆಂದು ಪಟ್ಟು ಹಿಡಿದರು. ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ ಮಣಿಯದೆ 1984ರಲ್ಲಿ ಅವರ ಕರಾರನ್ನು ವಿಸ್ತರಿಸಿದರು. 2022ರಲ್ಲಿ ನಿವೃತ್ತರಾಗುವ ವೇಳೆಗೆ ಶಶೆಫ್‌ಸ್ಕಿಯವರ ತಂಡ ಐದು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತ್ತು. ಎಲ್ಲ ತರಬೇತುದಾರರೂ ಶಶೆಫ್‌ಸ್ಕಿ ಆಗುವುದಿಲ್ಲ, ನಿಜ. ಆದರೆ ಮೂರನೆಯ ವರ್ಷದ ಅಂಕಪಟ್ಟಿಯನ್ನು ನೋಡಿ ಯಾರು ಆಗುತ್ತಾರೆ, ಯಾರು ಆಗುವುದಿಲ್ಲವೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಹೀಗೆಂದು ತರಬೇತುದಾರನನ್ನು ಎಂದೂ ದೂಷಿಸಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಅಭ್ಯಾಸಕ್ಕೆ ಗೈರುಹಾಜರಾಗುವವನು, ಬದಲಾದ ನಿಯಮಗಳನ್ನು ಓದಿಕೊಳ್ಳದವನು, ಜಾತಿ-ಬಂಧುತ್ವ-ಶಿಫಾರಸು ನೋಡಿ ತಂಡ ಕಟ್ಟುವವನು, ಕಾಲು ಉಳುಕಿದ ಹುಡುಗಿಯನ್ನು ಪದಕದಾಸೆಗೆ ಕಣಕ್ಕೆ ನೂಕುವವನು, ಮಕ್ಕಳನ್ನು ಹೀನಾಯವಾಗಿ ಬೈದು ಹೊಡೆಯುವವನು ಖಂಡಿತವಾಗಿ ದೋಷಿ. ಮುಖ್ಯವಾದ ಮಾತೆಂದರೆ ಅವನ ತಂಡ ಗೆದ್ದರೂ ಅವನು ದೋಷಿಯೇ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ 1976, 1981 ಮತ್ತು 1987ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದಿತ್ತ ಬಾಬಿ ನೈಟ್ ಅವರನ್ನು 2000ದ ಸೆಪ್ಟೆಂಬರ್‌ನಲ್ಲಿ ಅದೇ ವಿಶ್ವವಿದ್ಯಾನಿಲಯ ಹೊರಹಾಕಿತು. 1997ರ ಅಭ್ಯಾಸದ ವೇಳೆ ಅವರು ಆಟಗಾರನೊಬ್ಬನ ಕತ್ತಿಗೆ ಕೈಹಾಕಿದ ದೃಶ್ಯವನ್ನು ಆ ವರ್ಷ ದೇಶವೆಲ್ಲ ನೋಡಿತ್ತು. ಆಮೇಲೂ ಅವರ ನಡತೆ ತಿದ್ದಿಕೊಂಡಿರಲಿಲ್ಲ. ಕಪಾಟಿನಲ್ಲಿದ್ದ ಟ್ರೋಫಿಗಳಿಂದಾಗಿ ಅಲ್ಲಿನವರು ಎಷ್ಟು ಕಾಲ ಕಣ್ಣು ಮುಚ್ಚಿಕೊಂಡಿದ್ದರೆಂಬುದನ್ನು ಯೋಚಿಸಿದರೆ, ಗೆಲುವು ಕೂಡ ಸೋಲಿನಷ್ಟೇ ಕೆಟ್ಟ ಸಾಕ್ಷಿಯೆಂದು ಮನದಟ್ಟಾಗುತ್ತದೆ.

ಇನ್ನೊಂದು ಆಕ್ಷೇಪಕ್ಕೂ ಉತ್ತರ ಹೇಳಬೇಕು. ಕಾರಣಗಳನ್ನು ಹೀಗೆ ಹಂಚುತ್ತಾ ಹೋದರೆ ಕೊನೆಗೆ ಯಾರೂ ಉತ್ತರದಾಯಿಯಾಗುವುದಿಲ್ಲವಲ್ಲ ಎಂಬುದು ಆ ಆಕ್ಷೇಪ. ಹಾಗೇನಿಲ್ಲ. ಆಡಳಿತ ಮಂಡಳಿಯವರು ತರಬೇತುದಾರನನ್ನು ಕರೆದು ಲೆಕ್ಕ ಕೇಳಬೇಕು: ವಾರಕ್ಕೆ ಎಷ್ಟು ದಿನ ಅಭ್ಯಾಸ ನಡೆಯಿತು? ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ ಮಕ್ಕಳು ಏನು ಕಲಿತರು? ಬೆಂಚಿನಲ್ಲಿ ಕುಳಿತವನಿಗೂ ಕಲಿಯುವ ಅವಕಾಶ ಸಿಕ್ಕಿತೇ? ಉತ್ತರ ತೃಪ್ತಿಕರವಾಗಿರದಿದ್ದರೆ ಬೇರೊಬ್ಬರನ್ನು ನೇಮಿಸುವ ಅಧಿಕಾರ ಅವರಿಗಿದೆ. ಒಬ್ಬ ವ್ಯಕ್ತಿ ಪ್ರಾಮಾಣಿಕನಾಗಿದ್ದೂ ಆ ಕೆಲಸಕ್ಕೆ ತಕ್ಕವನಾಗಿಲ್ಲದಿರುವುದು ಸಾಧ್ಯ. ಅಂಥವನನ್ನು ಬದಲಾಯಿಸುವಾಗ ಅವನ ಹೆಸರಿಗೆ ಮಸಿ ಬಳಿಯದೆ, ಕೃತಜ್ಞತೆಯಿಂದ ಬೀಳ್ಕೊಡುವುದು ನ್ಯಾಯ. ಅದೇ ಸಭೆಯಲ್ಲಿ ತರಬೇತುದಾರನಿಗೂ ಮರುಪ್ರಶ್ನೆ ಹಾಕುವ ಹಕ್ಕಿರಬೇಕು: ಅಂಕಣದ ಸಿಮೆಂಟು ಬಿರುಕುಬಿಟ್ಟು ಎಷ್ಟು ವರ್ಷವಾಯಿತು? ಚೆಂಡುಗಳಿಗೆ ಹಣ ಯಾವಾಗ ಮಂಜೂರಾಗುತ್ತದೆ?

ಪೋಷಕರಾದ ನಮ್ಮ ಕುಟುಂಬಗಳಿಗೆ ಕೊನೆಯದಾಗಿ ಒಂದು ವಿನಂತಿ. ಸೋತು ಮನೆಗೆ ಬಂದ ಮಗಳ ಮುಂದೆ ಅವಳ ಗುರುವನ್ನು ಹೀಗಳೆಯಬೇಡಿ. ಹಾಗೆ ಮಾಡಿದರೆ ಮುಂದೆ ಪರೀಕ್ಷೆಯಲ್ಲಿ, ನೌಕರಿಯಲ್ಲಿ, ದಾಂಪತ್ಯದಲ್ಲಿ ಸೋಲು ಎದುರಾದಾಗಲೂ ಅವಳು ಮೊದಲು ಹುಡುಕುವುದು ಒಬ್ಬ ಅಪರಾಧಿಯನ್ನು. ಬಲಿಪೂಜೆಯ ಆರಂಭದಲ್ಲಿ ನಾವು ತಟ್ಟಿಕೊಳ್ಳುವುದು ನಮ್ಮ ಎದೆಯನ್ನೇ ಹೊರತು ಪಕ್ಕದವರ ಎದೆಯನ್ನಲ್ಲ. "ಇವತ್ತು ನಿನ್ನ ಕೈಯಲ್ಲಿದ್ದುದನ್ನು ನೀನು ಮಾಡಿದೆಯಾ?" ಎಂದು ಮಗಳನ್ನು ಕೇಳಿ. ಆ ಬಳಿಕ, ಅವಳನ್ನು ಅಭ್ಯಾಸದಿಂದ ಕರೆತರಲು ವಾರಕ್ಕೆ ಎರಡು ಸಂಜೆಯಾದರೂ ನಾವು ಹೋಗಬಲ್ಲೆವೇ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಮುಂದಿನ ಋತುವಿನಲ್ಲಿ ತಂಡ ಗೆದ್ದೀತೆಂದು ನಾವು ಭರವಸೆ ಕೊಡಲಾರೆವು. ಸೋತರೂ ನ್ಯಾಯವಾಗಿ ತೀರ್ಪು ಹೇಳುವ ಮನೆಗಳು ನಮ್ಮಲ್ಲಿ ಹೆಚ್ಚಲಿ ಎಂಬುದೇ ನಮ್ಮ ಹಾರೈಕೆ.